ಹಿನ್ನೀರಿನ ತಳದ ನಕ್ಷೆ

ಬ್ಯಾಕೋಡಿನಿಂದ ತುಮರಿ ದಾರಿ ಹಿಡಿದು ಕಳಸವಳ್ಳಿ ದಡಕ್ಕೆ ಬಂದರೆ ಕಣ್ಣಿಗೆ ಬೀಳುವುದು ನೀರು, ಬರೀ ನೀರು. ಮಳೆಗಾಲ ಮುಗಿದ ಹೊತ್ತು. ಶರಾವತಿಯ ಹಿನ್ನೀರು ಕಾಡಿನ ಬುಡ ಮುಟ್ಟಿ ನಿಂತಿದೆ. ಬೇಸಿಗೆಯಲ್ಲಿ ಬಂದವರಿಗೆ ಮಾತ್ರ ಗೊತ್ತು ಇದರಡಿ ಏನೇನಿದೆ ಎಂದು. ಕರಿಗಟ್ಟಿದ ಮರದ ಬೊಡ್ಡೆಗಳು, ಗದ್ದೆಯ ಬದು, ಅತ್ತ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು. 1964ರ ಲಿಂಗನಮಕ್ಕಿ ಅಣೆಕಟ್ಟು ಎಲ್ಲವನ್ನೂ ನುಂಗಿತು.

2025ರ ಜುಲೈ 14ರಂದು ಸೇತುವೆ ತೆರೆಯುವವರೆಗೆ ಇಲ್ಲಿ ನೀರು ದಾಟಲು ಲಾಂಚೇ ಗತಿ. ಈಜುವ ಹುಡುಗರು ತಲೆ ಮುಳುಗಿಸಿದರೆ ಅದರ ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು. ಯಾವ ದಿಕ್ಕಿನದು ಎಂದು ಹೇಳುವುದು ಕಷ್ಟ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದು ನೀರಿನಲ್ಲಿ 1,480ರ ಆಸುಪಾಸು ಓಡುತ್ತದೆ. ಎರಡೂ ಕಿವಿಗೆ ಹೆಚ್ಚುಕಮ್ಮಿ ಒಟ್ಟಿಗೇ ತಲುಪಿ ದಿಕ್ಕು ತಪ್ಪಿಸುತ್ತದೆ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಜಿನೀವಾ ಸರೋವರದಲ್ಲಿ ಗಂಟೆ ಮುಳುಗಿಸಿ ಬಾರಿಸಿ ಅಳೆದದ್ದು ಈ ವೇಗವನ್ನೇ.

ವೇಗಕ್ಕಿಂತ ಸ್ವಾರಸ್ಯ ಇರುವುದು ಸದ್ದು ತಿರುಗಿ ಬರುವ ರೀತಿಯಲ್ಲಿ. ಮೆತ್ತನೆಯ ಹೂಳಿಗೆ ತಾಗಿದ್ದು ಬಹುಪಾಲು ಅಲ್ಲೇ ಇಂಗುತ್ತದೆ, ಗಟ್ಟಿ ಬಂಡೆಗೆ ತಾಗಿದ್ದು ಜೋರಾಗಿ ಮರಳುತ್ತದೆ, ಬೊಡ್ಡೆಗಳ ಸಾಲಿಗೆ ಸಿಕ್ಕಿದ್ದು ದಿಕ್ಕಾಪಾಲು. ಸಮುದ್ರದ ತಳ ಓದುವವರಿಗೂ ಇದೇ ದಾರಿ. ಉತ್ತರ ಧ್ರುವ ಪ್ರದೇಶದ ಕಡಲಿನಲ್ಲಾದರೆ ಮಾಡೂ ಒರಟು: ಮೇಲಿನ ನೀರೇ ಹೆಚ್ಚು ತಣ್ಣಗಿರುವುದರಿಂದ ಸದ್ದು ಮೇಲಕ್ಕೆ ಬಾಗಿ, ಮಂಜುಗಡ್ಡೆಯ ಏರುತಗ್ಗಿನ ಅಡಿಗೆ ಮತ್ತೆ ಮತ್ತೆ ಬಡಿಯುತ್ತದೆ. ಕೀರಲು ದನಿ ಬೇಗ ಚೆದುರಿ ಹೋಗುತ್ತದೆ, ದಪ್ಪ ದನಿ ಮಾತ್ರ ದೂರ ಸಾಗುತ್ತದೆ. ನಮ್ಮ ದೇಶದವರೂ ಅಲ್ಲಿ ಕಿವಿಗೊಟ್ಟಿದ್ದಾರೆ. 2014ರ ಜುಲೈನಲ್ಲಿ ಕಾಂಗ್ಸ್‌ಫ್ಯೋರ್ಡ್ ಎಂಬ ಅಲ್ಲಿನ ಕೊಲ್ಲಿಯಲ್ಲಿ ಇಳಿಬಿಟ್ಟ ‘ಇಂಡ್‌ಆರ್ಕ್’ ಉಪಕರಣಗಳಿಗೆ ನಂತರ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನೂ ಸೇರಿತು.

ಅಷ್ಟು ದೂರದ ನೀರಿಗೆ ಕಿವಿಗೊಟ್ಟವರು ಇಲ್ಲಿಗೂ ಬರಬಹುದಿತ್ತು ಅನ್ನಿಸುತ್ತದೆ. ಮಳೆಗಾಲವಿಡೀ ಪತ್ರಿಕೆಗಳು ಲಿಂಗನಮಕ್ಕಿಯ ನೀರಿನ ಮಟ್ಟ ಬರೆಯುತ್ತವೆ, ಪೂರ್ಣ ಮಟ್ಟ 1,819 ಅಡಿ ಎಂದೂ ಸೇರಿಸುತ್ತವೆ. ಅದು ಮೇಲ್ಮೈಯ ಲೆಕ್ಕ, ತಳದ ಹೂಳಿನ ಸುದ್ದಿ ಅದರಲ್ಲಿಲ್ಲ. ದೋಣಿಗೆ ಸದ್ದು ಬಿಟ್ಟು ಪ್ರತಿಧ್ವನಿ ಆಲಿಸುವ ಸೋನಾರ್ ಕಟ್ಟಿ ಸಾಲುಸಾಲಾಗಿ ಓಡಾಡಿದರೆ ತಳದ ನಕ್ಷೆ ಸಿಗುತ್ತದೆ. ಆದರೆ ಯಾವ ದಿಬ್ಬ ಯಾರ ಮನೆಯಂಗಳ, ಯಾವ ತಗ್ಗು ಯಾವ ಊರಿನ ಕೆರೆ ಎಂದು ಯಂತ್ರ ಹೇಳದು. ಅದನ್ನು ಹೇಳಬಲ್ಲವರು ಮುಳುಗಡೆ ಕಂಡ ಹಿರಿಯರು. ಅವರು ಇರುವಾಗಲೇ ನಕ್ಷೆ ತೆಗೆದು, ಅವರ ಪಕ್ಕ ಕೂತು ಊರುಗಳ ಹೆಸರು ಬರೆಸಿಕೊಳ್ಳಬೇಕು.