ವೀರ್ಯಾಣುವಿನ ಬಾಲವೂ ಬಂಜೆಯೆಂಬ ಅಪವಾದವೂ

ಸಂತಾನವನ್ನು ಬಯಸಿ ತ್ರ್ಯಂಬಕೇಶ್ವರದಲ್ಲಿ ನಾರಾಯಣ ನಾಗಬಲಿ ಮಾಡಿಸಲು ಬರುವ ದಂಪತಿಗಳನ್ನು ನಾಸಿಕ್‌ನಲ್ಲಿರುವ ನಾವೆಲ್ಲರೂ ಬಲ್ಲೆವು. ಛತ್ರಪತಿ ಸಂಭಾಜಿನಗರದ ಸಹೋದ್ಯೋಗಿಯೊಬ್ಬರು ಹಾಗೆ ಪತ್ನೀಸಮೇತರಾಗಿ ಬಂದು ನಮ್ಮಲ್ಲಿ ತಂಗಿದ್ದರು. ಆರು ವರ್ಷಗಳ ಪರೀಕ್ಷೆ, ಔಷಧಿ, ಉಪವಾಸಗಳೆಲ್ಲವೂ ಆಕೆಯ ಪಾಲಿಗೇ ಬಂದಿದ್ದವು. ಪತಿಯ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ನಮ್ಮ ಒತ್ತಾಯದಿಂದ ಅದೂ ಆಯಿತು. ವೀರ್ಯಾಣುಗಳಿದ್ದವು, ಆದರೆ ಹೆಚ್ಚಿನವುಗಳ ಬಾಲ ಮೊಟಕಾಗಿತ್ತು.

ಮಾನವ ವೀರ್ಯಾಣುವಿನ ಉದ್ದ ಸುಮಾರು 0.05 ಮಿಲಿಮೀಟರ್, ಅದರಲ್ಲಿ ಬಹುಪಾಲು ಬಾಲವೇ. ಬಾಲದ ನಡುವೆ ಎರಡು ಸೂಕ್ಷ್ಮನಾಳಗಳು, ಸುತ್ತಲೂ ಒಂಬತ್ತು ಜೋಡಿಗಳು. ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಈ ನಾಳಗಳು ರಚಿತವಾಗಿವೆ. ಡೈನೀನ್ ಎಂಬ ಇನ್ನೊಂದು ಪ್ರೋಟೀನು ಅವನ್ನು ಪರಸ್ಪರ ಜಾರಿಸಿ ಬಾಲವನ್ನು ಬಳುಕಿಸುತ್ತದೆ. ಸಸ್ತನಿಗಳಲ್ಲಿ ಇವುಗಳ ಹೊರಗೆ ಬಲವಾದ ನಾರುಗಳ ಕವಚವೂ ಉಂಟು. ಇಂಥ ಒಂದು ಪ್ರೋಟೀನು ಕೆಟ್ಟರೂ ಬಾಲವು ಮೊಟಕಾಗಬಹುದು, ಇಲ್ಲವೇ ನಿಶ್ಚಲವಾಗಬಹುದು. ಡೈನೀನ್ ತೋಳುಗಳಿಲ್ಲದ ನಿಶ್ಚಲ ವೀರ್ಯಾಣುಗಳನ್ನು ಸ್ವೀಡನ್ನಿನ ಅಫ್ಜೇಲಿಯಸ್ 1976ರಲ್ಲಿಯೇ ವರ್ಣಿಸಿದ್ದರು. ಮೊಟಕು ಬಾಲಕ್ಕೆ ಡಿಎನ್‌ಎಎಚ್1 ಎಂಬ ವಂಶವಾಹಿಯ ದೋಷವೂ ಒಂದು ಕಾರಣವೆಂದು 2014ರಲ್ಲಿ ತಿಳಿದುಬಂದಿತು.

ಇಂಥ ಹುಟ್ಟುದೋಷಕ್ಕೆ ಟಾನಿಕ್ಕು ಪರಿಹಾರವಲ್ಲ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ, 1992ರಲ್ಲಿ ಬೆಲ್ಜಿಯಂನಿಂದ ವರದಿಯಾದ ವಿಧಾನವು ಇಂಥವರಲ್ಲಿಯೂ ಹಲವರಿಗೆ ಸಂತಾನಭಾಗ್ಯ ನೀಡಿದೆ.

ವಾಚಕರೇ, ಜಂಟಿ ಖಾತೆಯ ಲೆಕ್ಕ ತಪ್ಪಿದರೆ ಒಬ್ಬರನ್ನಷ್ಟೇ ವಿಚಾರಿಸುವ ಬ್ಯಾಂಕು ಉಂಟೇ? ಹರಕೆ ಹೊರುವವರು ಹೊರಲಿ. ಆದರೆ ವೀರ್ಯಪರೀಕ್ಷೆ ಸುಲಭವಾದುದು. ಪತ್ನಿಯ ಪರೀಕ್ಷೆಯೊಡನೆಯೇ ಅದೂ ಆಗಲಿ. ವರದಿ ಬಂದ ದಿನ ಆ ತಾಯಿ ಕೇಳಿದ್ದು ಒಂದೇ ಮಾತು: "ಇದನ್ನು ಮೊದಲೇ ನೋಡಬಹುದಿತ್ತಲ್ಲವೇ?"