ಆರನೆಯ ಮಹಡಿಯ ವಿದ್ಯಾರ್ಥಿನಿ

1891ರ ನವೆಂಬರ್ ತಿಂಗಳು. ವಾರ್ಸಾ ನಗರದ ರೈಲು ನಿಲ್ದಾಣದಲ್ಲಿ ಇಪ್ಪತ್ನಾಲ್ಕರ ಹೊಸ್ತಿಲಿನ ಯುವತಿಯೊಬ್ಬಳು ಪ್ಯಾರಿಸ್ಸಿಗೆ ಹೊರಟು ನಿಂತಿದ್ದಳು. ಅವಳ ಸಾಮಾನುಗಳಲ್ಲಿ ಒಂದು ಮಡಿಸುವ ಕುರ್ಚಿಯೂ ಇತ್ತು. ಜರ್ಮನಿಯನ್ನು ಹಾದುಹೋಗುವ ದಾರಿಗೆ ಅವಳು ಕೊಂಡದ್ದು ನಾಲ್ಕನೆಯ ದರ್ಜೆಯ ಟಿಕೆಟು. ಆ ಡಬ್ಬಿಯಲ್ಲಿ ಗೋಡೆಗೆ ಹೊಂದಿಕೊಂಡ ಬೆಂಚು ಬಿಟ್ಟರೆ ಬೇರೆ ಆಸನಗಳೇ ಇರುತ್ತಿರಲಿಲ್ಲ. ಹಾಸಿಗೆ, ಹೊದಿಕೆಗಳನ್ನೂ ಮನೆಯಿಂದಲೇ ಸಾಗಿಸಿದ್ದಾಗಿತ್ತು. ಪ್ಯಾರಿಸ್ಸಿನಲ್ಲಿ ಅವನ್ನೆಲ್ಲ ಹೊಸದಾಗಿ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷ, ಆಮೇಲೆ ಊರಿಗೆ ಮರಳಿ ಬರುತ್ತೇನೆ ಎಂದು ಅವಳು ತಂದೆಗೆ ಮಾತು ಕೊಟ್ಟಿದ್ದಳು.

ಅವಳ ಹೆಸರು ಮಾರಿಯಾ ಸ್ಕ್ಲೊಡೊವ್ಸ್ಕಾ. ಮೇರಿ ಕ್ಯೂರಿ ಎಂದರೆ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ರೇಡಿಯಂ ಕಂಡುಹಿಡಿದವಳು, ಎರಡು ಬಾರಿ ನೊಬೆಲ್ ಪಡೆದವಳು ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಈ ಹುಡುಗಿ ಪ್ಯಾರಿಸ್ಸಿನವರೆಗೆ ಹೋದದ್ದಾದರೂ ಹೇಗೆ, ಹೋದಮೇಲೆ ಏನು ತಿಂದಳು, ಎಲ್ಲಿ ಮಲಗಿದಳು ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಜಾಗವಿಲ್ಲ.

ತಂದೆ ಭೌತಶಾಸ್ತ್ರ ಮತ್ತು ಗಣಿತದ ಅಧ್ಯಾಪಕರು. ತಾಯಿ ಕ್ಷಯರೋಗದಿಂದ 1878ರಲ್ಲೇ ತೀರಿಕೊಂಡಿದ್ದರು. ಪೋಲೆಂಡಿನ ಆ ಭಾಗ ಆಗ ರಷ್ಯದ ತ್ಸಾರ್ ದೊರೆಯ ಕೈಯಲ್ಲಿತ್ತು. 1883ರಲ್ಲಿ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದರೂ ಮಾರಿಯಾಳಿಗೆ ಮುಂದಿನ ಬಾಗಿಲು ಮುಚ್ಚಿತ್ತು. ವಾರ್ಸಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಬ್ರೋನ್ಯಾಳಿಗೆ ವೈದ್ಯಳಾಗುವ ಆಸೆ, ಅವಳಿಗೂ ಅದೇ ತೊಡಕು. ಇಬ್ಬರನ್ನೂ ಪರದೇಶಕ್ಕೆ ಕಳಿಸುವ ಶಕ್ತಿ ಮೇಷ್ಟರ ಸಂಬಳಕ್ಕಿರಲಿಲ್ಲ.

ಆಗ ಅಕ್ಕತಂಗಿಯರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳಿಸುವುದು. ಅಕ್ಕ ಡಾಕ್ಟರಾದ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಬಾಯಿಮಾತಿನ ಕರಾರು, ಕಾಗದಪತ್ರವೇನೂ ಇಲ್ಲ. 1886ರ ಜನವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಮಾರಿಯಾ ವಾರ್ಸಾದಿಂದ ಸುಮಾರು 100 ಕಿಲೋಮೀಟರ್ ದೂರದ ಹಳ್ಳಿಯ ಮನೆಯೊಂದಕ್ಕೆ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಹೋದಳು. ವರ್ಷಕ್ಕೆ 500 ರೂಬಲ್ ಸಂಬಳ, ಊಟ ವಸತಿ ಅಲ್ಲೇ. ಅದರಲ್ಲಿ ತಿಂಗಳಿಗೆ 15, ಕೆಲವೊಮ್ಮೆ 20 ರೂಬಲ್ ಪ್ಯಾರಿಸ್ಸಿಗೆ ಹೋಗುತ್ತಿತ್ತು. ಹಗಲೆಲ್ಲ ಪಾಠ, ರಾತ್ರಿ ತನ್ನದೇ ಓದು. ಬಿಡಿಸಲಾಗದ ಲೆಕ್ಕಗಳು ತಂದೆಗೆ ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಉತ್ತರ ಬರುತ್ತಿತ್ತು. ಹಳ್ಳಿಯ ಬಡಮಕ್ಕಳನ್ನು ಕೂಡಿಸಿಕೊಂಡು ಗುಟ್ಟಾಗಿ ಪೋಲಿಷ್ ಅಕ್ಷರ ಕಲಿಸಿದ್ದೂ ಅಲ್ಲೇ. ರಷ್ಯದ ಅಧಿಕಾರಿಗಳಿಗೆ ತಿಳಿದಿದ್ದರೆ ಅದು ಶಿಕ್ಷೆಗೆ ಒಳಗಾಗುವ ಕೆಲಸ.

ಮುಂದೆ ತಂದೆಗೆ ಸ್ವಲ್ಪ ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಆಗ ಬ್ರೋನ್ಯಾ ಮಾಡಿದ್ದೇನು ಗೊತ್ತೇ? ತಂಗಿ ಇನ್ನು ಹಣ ಕಳಿಸಬೇಕಾಗಿಲ್ಲ ಎಂದು ತಿಳಿಸಿದಳು. ತಂದೆ ತನಗೆ ತಿಂಗಳಿಗೆ ಕೊಡುವ 40 ರೂಬಲ್‌ಗಳಲ್ಲಿ 8 ರೂಬಲ್ ಹಿಡಿದಿಟ್ಟು ತಂಗಿಯ ಋಣ ತೀರಿಸುತ್ತ ಹೋಗಬೇಕೆಂದೂ ಕೇಳಿಕೊಂಡಳು. 1890ರಲ್ಲಿ ಅವಳಿಂದ ಕರೆಯೂ ಬಂತು. ವಿಚಿತ್ರವೆಂದರೆ, ಅಷ್ಟು ವರ್ಷ ಕಾದಿದ್ದ ತಂಗಿಯೇ ಈಗ ಹಿಂಜರಿದಳು. ವಯಸ್ಸಾದ ತಂದೆಯನ್ನು ಬಿಟ್ಟು ಹೋಗುವುದು ಹೇಗೆ? ಆಸೆ ಇಟ್ಟುಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತೋ ಏನೋ. ಕೊನೆಗೆ ಹೊರಟದ್ದು ಮತ್ತೂ ಒಂದೂವರೆ ವರ್ಷದ ಮೇಲೆ. ಆ ನಡುವೆ ವಾರ್ಸಾದ ಒಂದು ಸಂಗ್ರಹಾಲಯದ ಪುಟ್ಟ ಪ್ರಯೋಗಾಲಯದಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಸ್ವಂತ ಕೈಯಿಂದ ಪ್ರಯೋಗ ಮಾಡುವ ಅವಕಾಶ ಸಿಕ್ಕಿತ್ತು. ಆ ರುಚಿ ಹತ್ತಿದ ಮೇಲೆ ನಿಲ್ಲುವಂತಿರಲಿಲ್ಲ.

ಸೊರ್ಬಾನ್ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಆಕೆ ಫ್ರೆಂಚರ ರೀತಿಯಲ್ಲಿ 'ಮೇರಿ' ಎಂದು ಹೆಸರು ಬರೆದಳು. ಬೆರಳೆಣಿಕೆಯ ಹೆಣ್ಣುಮಕ್ಕಳಲ್ಲಿ ಒಬ್ಬಳು. ಮೊದಲ ಆಘಾತ ತರಗತಿಯಲ್ಲೇ ಕಾದಿತ್ತು. ಪುಸ್ತಕದ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು, ಆದರೆ ಪ್ರಾಧ್ಯಾಪಕರು ವೇಗವಾಗಿ ಆಡುವ ವಾಕ್ಯಗಳು ಕೈತಪ್ಪಿ ಹೋಗುತ್ತಿದ್ದವು. ಮನೆಯಲ್ಲಿ ಕಲಿತ ಗಣಿತ, ಭೌತಶಾಸ್ತ್ರ ಇಲ್ಲಿಗೆ ಸಾಲುತ್ತಿರಲಿಲ್ಲ. ತನ್ನ ದೇಶದಲ್ಲಿ ಚಿನ್ನದ ಪದಕ ಪಡೆದವಳು ಇಲ್ಲಿ ಹಿಂದುಳಿದವಳು! ಊರ ಶಾಲೆಯಿಂದ ದೊಡ್ಡ ಕಾಲೇಜಿಗೆ ಹೋದ ಮಕ್ಕಳಿಗೆ ಈ ಅನುಭವ ಹೊಸದೇನಲ್ಲ. ಪಾಠ ಹೇಳುತ್ತಿದ್ದವರಲ್ಲಿ ಗ್ಯಾಬ್ರಿಯೆಲ್ ಲಿಪ್‌ಮನ್ ಒಬ್ಬರು. ಬಣ್ಣದ ಛಾಯಾಚಿತ್ರದ ವಿಧಾನಕ್ಕಾಗಿ 1908ರಲ್ಲಿ ನೊಬೆಲ್ ಪಡೆದವರು. ಅಂಥವರ ಪಾಠ ಅರ್ಥವಾಗದೆ ಹೋಗುವುದು ಮೇರಿಗೆ ಸಹಿಸದ ಮಾತು. ಒಂದೊಂದೇ ಕೊರತೆಯನ್ನು ಹುಡುಕಿ ತುಂಬಿಕೊಳ್ಳತೊಡಗಿದಳು.

ಮೊದಲು ಇಳಿದುಕೊಂಡದ್ದು ಅಕ್ಕಭಾವನ ಮನೆಯಲ್ಲಿ. ಭಾವನೂ ಡಾಕ್ಟರು, ಮಾತುಗಾರ, ಅತಿಥಿಪ್ರಿಯ. ಸಂಜೆಯಾದರೆ ಪೋಲೆಂಡಿನ ಗೆಳೆಯರು, ಚಹ, ಪಿಯಾನೊ, ಹರಟೆ. ಅಲ್ಲಿನ ಪೋಲಿಷ್ ಜನ ಏರ್ಪಡಿಸಿದ್ದ ಕೂಟವೊಂದರಲ್ಲಿ ಮೇರಿ ಸಂಕೋಲೆ ಕಳಚುವ ಪೋಲೆಂಡ್ ಮಾತೆಯ ವೇಷ ಹಾಕಿ ನಿಂತಳು. ಸಂಭ್ರಮದಿಂದ ಅದನ್ನು ತಂದೆಗೆ ಬರೆದರೆ ಅವರಿಂದ ಬಂದದ್ದು ಬುದ್ಧಿಮಾತು: ಪ್ಯಾರಿಸ್ಸಿನಲ್ಲಿ ಯಾರು ಏನು ಮಾಡುತ್ತಾರೆಂದು ಗಮನಿಸುವ ಕಣ್ಣುಗಳಿವೆ, ನಾಳೆ ಊರಿಗೆ ಮರಳಿದಾಗ ಕೆಲಸ ಸಿಗುವುದು ಕಷ್ಟವಾದೀತು, ಎಚ್ಚರ! ತಂದೆಯ ಭಯ ಸುಳ್ಳಲ್ಲ. ಪರಾಧೀನ ದೇಶದ ಮೇಷ್ಟರಿಗೆ ಸರ್ಕಾರದ ಕಣ್ಣು ಎಂಥದ್ದೆಂದು ಗೊತ್ತಿತ್ತು.

ಆ ಮನೆಯಿಂದ ಸೊರ್ಬಾನ್‌ಗೆ ಕುದುರೆ ಎಳೆಯುವ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಮೇಲಂತಸ್ತಿಗೆ ಮಾಡು ಇರಲಿಲ್ಲ, ಅಲ್ಲಿ ಟಿಕೆಟು ಅಗ್ಗ. ಹಾಗಾಗಿ ಮೇರಿ ಅಲ್ಲೇ ಕೂರುತ್ತಿದ್ದಳು. ಬಸ್ಸಿನ ಕಾಸು, ಸಮಯ, ಮನೆಯ ಗದ್ದಲ ಎಲ್ಲವನ್ನೂ ಲೆಕ್ಕಹಾಕಿ, 1892ರ ಮಾರ್ಚ್ ಹೊತ್ತಿಗೆ ವಿಶ್ವವಿದ್ಯಾಲಯದ ಹತ್ತಿರ ಒಂಟಿ ಕೋಣೆ ಹಿಡಿದಳು. ತಿಂಗಳಿಗೆ 15 ಫ್ರಾಂಕ್ ಬಾಡಿಗೆ. ಒಟ್ಟು ಖರ್ಚಿಗೆ ಇದ್ದದ್ದು ತಿಂಗಳಿಗೆ 40 ರೂಬಲ್, ಅಂದರೆ ದಿನಕ್ಕೆ ಮೂರು ಫ್ರಾಂಕಿನಷ್ಟು. ಅದರಲ್ಲೇ ಬಾಡಿಗೆ, ಊಟ, ಬಟ್ಟೆ, ಪುಸ್ತಕ, ಕಾಲೇಜಿನ ಶುಲ್ಕ.

ಕೋಣೆ ಆರನೆಯ ಮಹಡಿಯಲ್ಲಿ, ಮಾಡಿನ ಕೆಳಗೇ. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ನಡುಕ. ಪುಟ್ಟ ಒಲೆಗೆ ಬೇಕಾದ ಕಲ್ಲಿದ್ದಲನ್ನು ಆರು ಮಹಡಿ ಹೊತ್ತು ತರಬೇಕು. ಎಷ್ಟೋ ರಾತ್ರಿ ಒಲೆ ಹಚ್ಚುತ್ತಲೇ ಇರಲಿಲ್ಲ. ದೀಪದ ಎಣ್ಣೆ ಉಳಿಸಲು ಸಂಜೆ ಗ್ಯಾಸ್ ದೀಪವೂ ಬಿಸಿಯೂ ಇದ್ದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರುವುದು. ರಾತ್ರಿ ಹತ್ತಕ್ಕೆ ಅದು ಮುಚ್ಚಿದ ಮೇಲೆ ಕೋಣೆಯಲ್ಲಿ ಬೆಳಗಿನ ಜಾವ ಎರಡರವರೆಗೆ ಓದು. ಕೈತೊಳೆಯುವ ಬೋಗುಣಿಯ ನೀರು ರಾತ್ರೋರಾತ್ರಿ ಹೆಪ್ಪುಗಟ್ಟುತ್ತಿತ್ತು. ಇದ್ದಬದ್ದ ಬಟ್ಟೆಗಳನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದೆನೆಂದು ಮುಂದೆ ಆಕೆಯೇ ಬರೆದಿದ್ದಾಳೆ. ಕುರ್ಚಿಯನ್ನೂ ಎಳೆದು ಮೇಲೆ ಹಾಕಿಕೊಳ್ಳುತ್ತಿದ್ದಳೆಂದು ಮಗಳು ಈವ್ ಹೇಳುತ್ತಾಳೆ. ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹೊರಗೆ ಬಿಡದೆ ತಡೆಯುತ್ತದೆ ಎಂಬುದು ಸರಿ. ಕುರ್ಚಿಯಿಂದ ಅಂಥ ಉಪಕಾರವೇನೂ ಇಲ್ಲ. ಭಾರವಿದ್ದರೆ ಬೆಚ್ಚಗಿದ್ದೀತೆಂಬ ಭ್ರಮೆ ಭೌತಶಾಸ್ತ್ರದ ವಿದ್ಯಾರ್ಥಿನಿಯನ್ನೂ ಬಿಡಲಿಲ್ಲ!

ಅಡುಗೆ ಬರುತ್ತಿರಲಿಲ್ಲ, ಕಲಿಯಲು ಪುರಸೊತ್ತೂ ಇರಲಿಲ್ಲ. ಸೂಪಿಗೆ ಏನೇನು ಹಾಕುತ್ತಾರೆಂಬುದೇ ಇವಳಿಗೆ ತಿಳಿಯದೆಂದು ಪರಿಚಿತರು ಆಡಿಕೊಳ್ಳುತ್ತಿದ್ದರು. ವಾರಗಟ್ಟಲೆ ಬ್ರೆಡ್ಡು, ಬೆಣ್ಣೆ, ಚಹ. ಒಂದು ದಿನ ಗೆಳತಿಯ ಎದುರೇ ತಲೆಸುತ್ತಿ ಬಿದ್ದಳು. ಸುದ್ದಿ ತಿಳಿದ ಭಾವ ಆರು ಮಹಡಿ ಹತ್ತಿ ಬಂದು, ಒಣಗಿದ ತಟ್ಟೆ, ಖಾಲಿ ಪಾತ್ರೆ ನೋಡಿ, ಇವತ್ತು ಏನು ತಿಂದೆ ಎಂದು ಗದರಿದರು. ಹಿಂದಿನ ಸಂಜೆಯಿಂದ ಒಂದಿಷ್ಟು ಮೂಲಂಗಿ, ಒಂದಿಷ್ಟು ಚೆರಿ ಹಣ್ಣು, ಅಷ್ಟೇ. ಆಗಲೇ ಮನೆಗೆ ಎಳೆದುಕೊಂಡು ಹೋಗಿ, ಅಕ್ಕನ ಕೈಯಿಂದ ಮಾಂಸ, ಆಲೂಗಡ್ಡೆ ಬಡಿಸಿ ತಿನ್ನಿಸಿದರು. ಹಸಿದು ಓದಿದವರನ್ನು ಹಾಡಿ ಹೊಗಳುವುದು ನಮ್ಮಲ್ಲೊಂದು ರೂಢಿ. ಆದರೆ ಈ ಪ್ರಸಂಗದಲ್ಲಿ ಮೆಚ್ಚತಕ್ಕವರು ಭಾವನೇ. ಪರವೂರಿನಲ್ಲಿ ಓದುವ ಮಗ ಮಗಳು 'ಊಟ ಆಯಿತು' ಎಂದರೆ ಏನು ಊಟ ಎಂದು ಕೇಳುವವರೊಬ್ಬರು ಬೇಕು.

1893ರ ಜುಲೈನಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆ. ಫಲಿತಾಂಶವನ್ನು ಸಭಾಂಗಣದಲ್ಲಿ ಅಂಕಗಳ ಕ್ರಮದಲ್ಲಿ ಓದುವ ಪದ್ಧತಿ. ಓದಿದ ಮೊದಲ ಹೆಸರೇ ಮೇರಿಯದು. ತೊಡರುವ ನಾಲಿಗೆಯಲ್ಲಿ ಬಂದಿದ್ದವಳು ಎರಡನೆಯ ವರ್ಷ ಮುಗಿಯುವುದರೊಳಗೆ ಎಲ್ಲರಿಗಿಂತ ಮುಂದಿದ್ದಳು. ರಜೆಗೆ ಊರಿಗೆ ಹೋದಾಗ ಬಂಧುಗಳೆಲ್ಲ ಉಣಿಸಿ ಉಣಿಸಿ ಮೈತುಂಬುವಂತೆ ಮಾಡಿದರು. ಆದರೆ ಗಣಿತದ ಪದವಿಯ ಆಸೆ ಇನ್ನೂ ಉಳಿದಿತ್ತು, ಹಣ ಉಳಿದಿರಲಿಲ್ಲ. ಗೆಳತಿಯೊಬ್ಬಳ ಓಡಾಟದಿಂದ ಅಲೆಕ್ಸಾಂಡ್ರೊವಿಚ್ ವಿದ್ಯಾರ್ಥಿವೇತನ ದೊರೆಯಿತು. ಪೋಲೆಂಡಿನ ಪ್ರತಿಭಾವಂತರು ಪರದೇಶದಲ್ಲಿ ಓದಲೆಂದು ಕೊಡುತ್ತಿದ್ದ 600 ರೂಬಲ್‌ಗಳ ನೆರವು ಅದು. ಅವಳ ಕೈಯಲ್ಲಿ ಅದು ಹದಿನೈದು ತಿಂಗಳಿಗೆ ಸಾಕು! 1894ರಲ್ಲಿ ಗಣಿತದಲ್ಲಿ ಎರಡನೆಯ ಸ್ಥಾನ.

ಅದೇ ವರ್ಷ ಕೈಗಾರಿಕಾ ಸಂಸ್ಥೆಯೊಂದು ಉಕ್ಕಿನ ಕಾಂತಗುಣಗಳ ಅಧ್ಯಯನವನ್ನು ಅವಳಿಗೆ ವಹಿಸಿತ್ತು. ಉಪಕರಣ ಇಡಲು ಜಾಗ ಹುಡುಕುವಾಗಲೇ ಪಿಯೇರ್ ಕ್ಯೂರಿಯ ಪರಿಚಯವಾದದ್ದು. 1895ರಲ್ಲಿ ಮದುವೆ, 1898ರಲ್ಲಿ ಪೊಲೋನಿಯಂ, ರೇಡಿಯಂ. ಆ ಕಥೆ ಪಠ್ಯಪುಸ್ತಕದಲ್ಲಿದೆ. ತಂದೆಗೆ ಕೊಟ್ಟ ಎರಡು ಮೂರು ವರ್ಷಗಳ ಮಾತು ಮಾತ್ರ ನಡೆಯಲಿಲ್ಲ.

ಉಕ್ಕಿನ ಕೆಲಸದಿಂದ ಬಂದ ಸಂಪಾದನೆಯಲ್ಲಿ ಕಾಸಿಗೆ ಕಾಸು ಉಳಿಸಿ ಮೇರಿ 600 ರೂಬಲ್ ಕೂಡಿಸಿದಳು. ಅದನ್ನು ವಿದ್ಯಾರ್ಥಿವೇತನ ಕೊಟ್ಟವರಿಗೆ ಹಿಂದಿರುಗಿಸಿದಾಗ ಅಲ್ಲಿನ ಕಾರ್ಯದರ್ಶಿ ಬೆರಗಾದರು. ಅಂಥ ಹಣ ಮರಳಿ ಬಂದದ್ದನ್ನು ಅವರು ಕಂಡೇ ಇರಲಿಲ್ಲ. ತನ್ನ ಹಾಗೆಯೇ ಕಾಯುತ್ತಿರುವ ಇನ್ನೊಬ್ಬ ಬಡ ಹುಡುಗಿಗೆ ಅದು ಬೇಕಾಗಬಹುದು ಎಂಬುದಷ್ಟೇ ಮೇರಿಯ ಯೋಚನೆ.

ಅಕ್ಕನ ಲೆಕ್ಕವೂ ಅಲ್ಲಿಗೆ ಮುಗಿಯಲಿಲ್ಲ. 1932ರಲ್ಲಿ ವಾರ್ಸಾದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ರೇಡಿಯಂ ಸಂಸ್ಥೆ ತೆರೆದಾಗ ಮೇರಿ ತಾನೇ ಬಂದಿದ್ದಳು. ಆ ಸಂಸ್ಥೆಯ ಮೊದಲ ನಿರ್ದೇಶಕಿ ಡಾಕ್ಟರ್ ಬ್ರೋನ್ಯಾ.