ಕಟ್ಟಡದ ಕೆಲಸದಲ್ಲಿ ಕ್ಷೇಮದ ಹೊಣೆ: ಅದಕ್ಕೆ ಬೇಕಾದ ಯೋಗ್ಯತೆ

ಕಟ್ಟಡವೊಂದು ಮೇಲೇಳುವಾಗ ಅದರ ಸುತ್ತ ಎಷ್ಟು ಬಗೆಯ ಜನರು ದುಡಿಯುತ್ತಾರೆಂಬುದನ್ನು ನಾವು ಎಣಿಸಿ ನೋಡುವುದು ಅಪರೂಪ. ಪಾಯ ತೋಡುವವರು, ಕಂಬಿ ಕಟ್ಟುವವರು, ಸೆಂಟ್ರಿಂಗ್ ಹೊಡೆಯುವವರು, ಗಾರೆಯವರು, ಬಡಗಿಗಳು, ನಲ್ಲಿ ಜೋಡಿಸುವವರು, ವಿದ್ಯುತ್ತಿನ ಕೆಲಸದವರು. ಇವರೆಲ್ಲರೂ ಒಬ್ಬನೇ ಗುತ್ತಿಗೆದಾರನ ಆಳುಗಳಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಎಚ್ಚರವಾಗಿಯೇ ಇರಬಹುದು. ಆದರೆ ಅಪಾಯವು ಎಷ್ಟೋ ಸಲ ಒಂದು ಕೆಲಸಕ್ಕೂ ಇನ್ನೊಂದು ಕೆಲಸಕ್ಕೂ ನಡುವಣ ಸಂದಿಯಲ್ಲಿ ಹುಟ್ಟುತ್ತದೆ. ಮೇಲಿನ ಅಂತಸ್ತಿನಲ್ಲಿ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಿರುವವನಿಗೆ ಕೆಳಗೆ ಕೊಳವೆ ಜೋಡಿಸುವವನು ಕುಳಿತಿರುವುದು ತಿಳಿಯದು. ಬೆಳಗ್ಗೆ ಗಾರೆಯವರು ಕಟ್ಟಿದ ಸಾರುವೆಯ ಒಂದು ಅಡ್ಡಗಳುವನ್ನು, ಸಾಮಾನು ಒಳಗೆ ಸಾಗಿಸಲು ಅಡ್ಡಿಯಾಯಿತೆಂದು ಮಧ್ಯಾಹ್ನ ಬೇರೊಂದು ತಂಡದವರು ಬಿಚ್ಚಿಟ್ಟರೆ, ಸಂಜೆ ಅದರ ಮೇಲೆ ಹತ್ತಿ ಬಿದ್ದವನು ಯಾರ ತಪ್ಪಿನಿಂದ ಬಿದ್ದನೆಂದು ಹೇಳೋಣ?

ಈ ಸಂದಿಯನ್ನು ಕಾಯುವವನೊಬ್ಬನು ಬೇಕೆಂಬ ವಿಚಾರವನ್ನು ಯುರೋಪಿನ ರಾಷ್ಟ್ರಗಳು 1992ರಲ್ಲಿ ಕಾನೂನಿನ ರೂಪಕ್ಕೆ ತಂದವು. ಆ ವರ್ಷದ ಜೂನ್ 24ರಂದು ಯುರೋಪಿಯನ್ ಸಮುದಾಯವು ಹೊರಡಿಸಿದ ನಿರ್ದೇಶನವೊಂದರಲ್ಲಿ, ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರಿರುವ ಕಡೆ ನಕ್ಷೆ ತಯಾರಾಗುವ ಹಂತಕ್ಕೆ ಒಬ್ಬ, ಕಟ್ಟುವ ಹಂತಕ್ಕೆ ಒಬ್ಬ, ಹೀಗೆ ಸಮನ್ವಯಾಧಿಕಾರಿಗಳನ್ನು ನೇಮಿಸಬೇಕೆಂದು ವಿಧಿಸಲಾಯಿತು. ಎರಡು ಹುದ್ದೆಯನ್ನೂ ಒಬ್ಬನೇ ವಹಿಸಬಹುದು. ನಕ್ಷೆಯ ಹಂತಕ್ಕೇಕೆ ಎಂದು ಕೇಳಬಹುದು. ಕಟ್ಟಡದ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿನ್ಯಾಸದ ಅಥವಾ ವ್ಯವಸ್ಥೆಯ ದೋಷವೋ, ಮೊದಲೇ ಸರಿಯಾಗಿ ಯೋಜಿಸದಿರುವುದೋ ಕಾರಣವೆಂದು ಆ ನಿರ್ದೇಶನದ ಪೀಠಿಕೆಯೇ ಹೇಳುತ್ತದೆ. ತಾರಸಿಯ ಅಂಚಿಗೆ ಎದೆಮಟ್ಟದ ಗೋಡೆಯನ್ನು ಕಾಗದದ ಮೇಲೆಯೇ ಬರೆದು, ಅದನ್ನು ಬೇಗ ಕಟ್ಟಿಸಿದರೆ ಮುಂದೆ ಅಲ್ಲಿ ದುಡಿಯುವವರಿಗೆಲ್ಲ ಅದೇ ರಕ್ಷೆ. ಹತ್ತು ವರ್ಷಗಳ ಮೇಲೆ ನೀರಿನ ತೊಟ್ಟಿ ತೊಳೆಯಲು ಹತ್ತುವವನಿಗೂ ಅದೇ ರಕ್ಷೆ.

ಇನ್ನು, ಇಂತಹವನ ಯೋಗ್ಯತೆಯನ್ನು ಅಳೆಯುವುದು ಹೇಗೆ? ಪ್ರಕೃತ ವಿಷಯದ ತಿರುಳು ಇಲ್ಲಿದೆ. ಒಂದೊಂದು ದೇಶದ ಉತ್ತರ ಒಂದೊಂದು ಬಗೆ.

ಇಟಲಿಯವರು ಗಂಟೆಯ ಲೆಕ್ಕದಲ್ಲಿ ಅಳೆದರು. ಅವರ 2008ರ 81ನೆಯ ಶಾಸನದಂತೆ ಸಮನ್ವಯಾಧಿಕಾರಿಯಾಗುವವನು 120 ಗಂಟೆಗಳ ಶಿಕ್ಷಣ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದರಲ್ಲಿ ಕಾನೂನಿಗೆ 28 ಗಂಟೆ, ಕೆಲಸದ ತಾಂತ್ರಿಕ ವಿಷಯಗಳಿಗೆ 52, ವಿಧಾನ ಮತ್ತು ವ್ಯವಸ್ಥೆಗೆ 16, ಪ್ರತ್ಯಕ್ಷ ಅಭ್ಯಾಸಕ್ಕೆ 24. ಐದೈದು ವರ್ಷಕ್ಕೊಮ್ಮೆ ಮತ್ತೆ 40 ಗಂಟೆ ಪಾಠಕ್ಕೆ ಕೂಡಬೇಕು. ಪಾಠ ಮಾತ್ರ ಸಾಲದು. ತಾಂತ್ರಿಕ ವಿಷಯದಲ್ಲಿ ಉನ್ನತ ಪದವಿ ಪಡೆದವನಿಗೆ ಕಟ್ಟಡದ ಕ್ಷೇತ್ರದಲ್ಲಿ ಒಂದು ವರ್ಷದ ಅನುಭವ, ಮೊದಲ ಪದವಿಯವನಿಗೆ ಎರಡು ವರ್ಷ, ಡಿಪ್ಲೊಮಾದವನಿಗೆ ಮೂರು ವರ್ಷ ಆಗಿರಬೇಕು. ಓದು ಕಡಮೆಯಾದಷ್ಟೂ ಅನುಭವ ಹೆಚ್ಚಿರಬೇಕೆಂಬ ಈ ತೂಕ ನನಗೆ ನ್ಯಾಯವಾಗಿ ತೋರುತ್ತದೆ. ಇಷ್ಟು ಕಲಿತವನಿಗೆ ಆ ಶಾಸನವು ಅಧಿಕಾರವನ್ನೂ ಕೊಟ್ಟಿದೆ: ಪ್ರಾಣಕ್ಕೆ ಕುತ್ತು ಬರುವಂತಹ ಅಪಾಯವನ್ನು ಅವನು ಕಣ್ಣಾರೆ ಕಂಡರೆ ಆ ಕೆಲಸವನ್ನು ಅಲ್ಲಿಯೇ ನಿಲ್ಲಿಸಬಹುದು. ಅಧಿಕಾರವಿಲ್ಲದ ಕಾವಲುಗಾರ ಹೊಲದ ಬೆದರುಬೊಂಬೆಯಂತೆ. ಎರಡು ದಿನ ಕಳೆದರೆ ಹಕ್ಕಿಗಳು ಅದರ ತಲೆಯ ಮೇಲೆಯೇ ಕೂರುತ್ತವೆ.

ಬ್ರಿಟನ್ನಿನ ಕತೆ ಬೇರೆ. ಅಲ್ಲಿ 1995ರಲ್ಲಿ ಜಾರಿಗೆ ಬಂದ ನಿಯಮಗಳು ‘ಯೋಜನಾ ಮೇಲ್ವಿಚಾರಕ’ನೆಂಬವನನ್ನು ಸೃಷ್ಟಿಸಿದವು. 2007ರ ಏಪ್ರಿಲ್‌ನಲ್ಲಿ ಆ ಹೆಸರು ಹೋಗಿ ‘ಸಮನ್ವಯಾಧಿಕಾರಿ’ ಬಂದನು. ಅವನ ಯೋಗ್ಯತೆ ಹೀಗೆ ಹೀಗೆ ಇರಬೇಕೆಂದು ವಿವರವಾದ ಮಾರ್ಗಸೂಚಿಯೂ ಅಚ್ಚಾಯಿತು. ಲಂಡನ್ನಿನ 2012ರ ಒಲಿಂಪಿಕ್ ಕ್ರೀಡಾಂಗಣಗಳು ಈ ನಿಯಮಗಳ ಕಾಲದಲ್ಲಿಯೇ ಎದ್ದವು. ಆ ದೊಡ್ಡ ಕೆಲಸದಲ್ಲಿ ಒಬ್ಬ ಕೆಲಸಗಾರನೂ ಅಪಘಾತದಿಂದ ಸಾಯಲಿಲ್ಲ. ಆದರೆ ಇತರ ಎಷ್ಟೋ ಕಡೆ ಯೋಗ್ಯತೆಯ ಪರೀಕ್ಷೆಯೆಂಬುದು ಕಾಗದದ ಕಂತೆಯಾಯಿತು. ಅಧಿಕಾರಿಯನ್ನು ತಡವಾಗಿ ನೇಮಿಸುವರು, ಅವನು ಹೊರಗಿನವನಾಗಿ ಬಂದು ಕಡತ ತುಂಬಿಸಿ ಹೋಗುವನು ಎಂಬ ದೂರು ಬಲವಾಗಿ, 2015ರ ಏಪ್ರಿಲ್ 6ರಿಂದ ಆ ಹುದ್ದೆಯನ್ನೇ ತೆಗೆದುಹಾಕಿದರು. ನಕ್ಷೆಯ ಹಂತದ ಹೊಣೆ ಈಗ ವಿನ್ಯಾಸ ಮಾಡುವವರಲ್ಲಿಯೇ ಪ್ರಧಾನನಾದವನದು. ‘ಯೋಗ್ಯತೆ’ ಎಂಬ ಒಂದು ಮಾತಿನ ಬದಲು ಕೌಶಲ, ತಿಳಿವಳಿಕೆ, ಅನುಭವ ಎಂದು ಮೂರನ್ನು ಬಿಡಿಸಿ ಹೇಳಿದರು. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ತಿಳಿವಳಿಕೆಯನ್ನು ಪರೀಕ್ಷೆಯ ಕೊಠಡಿಯಲ್ಲಿ ಅಳೆಯಬಹುದು. ಉಳಿದೆರಡನ್ನು ಕೆಲಸದ ಸ್ಥಳದಲ್ಲಿಯೇ ನೋಡಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದವನು ಸುರಕ್ಷಾ ಅಧಿಕಾರಿ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯಂತೆ 500 ಅಥವಾ ಹೆಚ್ಚು ಆಳುಗಳಿರುವ ಕಡೆ ಅವನನ್ನು ನೇಮಿಸಬೇಕಿತ್ತು. ಆ ಕಾಯಿದೆಯ ಸ್ಥಾನಕ್ಕೆ ಬಂದ 2020ರ ಸಂಹಿತೆ, 2025ರ ನವೆಂಬರ್ 21ರಂದು ಜಾರಿಗೆ ಬಂದು, ಈ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಒಳ್ಳೆಯದೇ. ಆದರೂ ಇಲ್ಲೊಂದು ಭೇದವನ್ನು ವಾಚಕರು ಗಮನಿಸಬೇಕು. ಯುರೋಪಿನವರು ಎಣಿಸುವುದು ಗುತ್ತಿಗೆದಾರರನ್ನು. ನಾವು ಎಣಿಸುವುದು ತಲೆಗಳನ್ನು. ಇಬ್ಬರು ಗುತ್ತಿಗೆದಾರರು ಸೇರಿದರೆ ಸಂದಿಯೊಂದು ಹುಟ್ಟಿತೆಂದು ಅವರ ಲೆಕ್ಕ. ನಮ್ಮ ಊರುಗಳಲ್ಲಿ ಏಳುವ ಮೂರಂತಸ್ತಿನ ಮನೆಗೆ ಇಪ್ಪತ್ತು ಆಳುಗಳೂ ಐದಾರು ಗುತ್ತಿಗೆಗಳೂ ಇರುತ್ತವೆ; ನಮ್ಮ ಲೆಕ್ಕದಲ್ಲಿ ಅಲ್ಲಿ ಯಾರೂ ಬೇಕಿಲ್ಲ.

1996ರ ಕಾಯಿದೆಯ ಅಡಿಯಲ್ಲಿ 1998ರಲ್ಲಿ ಬಂದ ಕೇಂದ್ರದ ನಿಯಮಗಳು ಸುರಕ್ಷಾ ಅಧಿಕಾರಿಗೆ ಇಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪದ ಪದವಿಯೊಡನೆ ಎರಡು ವರ್ಷದ ಮೇಲ್ವಿಚಾರಣೆಯ ಅನುಭವವನ್ನೋ, ಡಿಪ್ಲೊಮಾದೊಡನೆ ಐದು ವರ್ಷದ ಅನುಭವವನ್ನೋ ಗೊತ್ತುಮಾಡಿದವು. ಅದರ ಮೇಲೆ ಕೈಗಾರಿಕಾ ಸುರಕ್ಷತೆಯಲ್ಲಿ ಪದವಿ ಅಥವಾ ಡಿಪ್ಲೊಮಾ ಬೇಕು. ಅದರಲ್ಲಿ ಕಟ್ಟಡದ ಸುರಕ್ಷತೆಯ ಪತ್ರಿಕೆ ಒಂದಾದರೂ ಇರಬೇಕು. ನನ್ನ ತಂದೆಯವರು ಗಾರೆ ಕೆಲಸದವರು. ಸಾರುವೆಯ ಹಗ್ಗದ ಗಂಟನ್ನು ಜಗ್ಗಿ ನೋಡದೆ ಮೇಲೆ ಹತ್ತುವವರಲ್ಲ. ಮಳೆಯಲ್ಲಿ ನೆನೆದು ಬಿಗಿದ ತೆಂಗಿನ ನಾರಿನ ಹಗ್ಗ ಬಿಸಿಲಿಗೆ ಒಣಗಿದ ಮೇಲೆ ಸಡಿಲವಾಗುವುದೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಈ ನಿಯಮದ ಮುಂದೆ ಅವರ ಅನುಭವವೂ ಸಾಲದು, ನನಗೆ ಬರಲಿರುವ ಬಿ.ಎ. ಪದವಿಯೂ ಸಾಲದು! ಪದವಿ ಬೇಡವೆಂದು ನಾನು ವಾದಿಸುತ್ತಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೀರಿ ತೂಗಬಹುದು. ಪಾಯದ ಗೋಡೆಗೆ ಎಷ್ಟು ಆಸರೆ ಕೊಡಬೇಕೆಂಬುದನ್ನು ಅಂದಾಜಿಗೆ ಬಿಡಲಾಗದು. ಆದರೆ ಮೂವತ್ತು ವರ್ಷ ದುಡಿದ ಮೇಸ್ತ್ರಿಗೆ ಮೂರು ತಿಂಗಳ ಪಾಠ ಹೇಳಿ ಅಧಿಕಾರಿಯ ಕೈಕೆಳಗಾದರೂ ಮಾನ್ಯತೆಯ ಸ್ಥಾನವೊಂದನ್ನು ಕೊಡುವ ದಾರಿ ಇರಬಾರದೇಕೆ?

ಆ ನಿಯಮಗಳಲ್ಲಿ ಇನ್ನೊಂದು ಅರ್ಹತೆ ಕಂಡು ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. ಆ ಸ್ಥಳದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಆಡುವ ಭಾಷೆ ಅಧಿಕಾರಿಗೆ ಸಾಕಷ್ಟು ತಿಳಿದಿರಬೇಕು. ಬೆಂಗಳೂರಿನ ದೊಡ್ಡ ಕಟ್ಟಡವೊಂದಕ್ಕೆ ಹೋದರೆ ರಾಯಚೂರು, ಯಾದಗಿರಿಯವರ ಪಕ್ಕದಲ್ಲಿಯೇ ಬಿಹಾರ, ಒಡಿಶಾ, ಬಂಗಾಳದವರು ದುಡಿಯುತ್ತಿರುತ್ತಾರೆ. ಮೇಲಿನಿಂದ ಹಲಗೆ ಜಾರಿದಾಗ ಕೂಗಲು ದೊರೆಯುವುದು ಒಂದು ಕ್ಷಣ. ತೆಲುಗಿನವನು ‘ಆಗು’ ಎಂದು ಕೂಗಿದರೆ ಅದರ ಅರ್ಥ ‘ನಿಲ್ಲು’. ಕನ್ನಡದ ಹುಡುಗನ ಕಿವಿಗೆ ಅದೇ ಮಾತು ಬೇರೆಯೇ ಅರ್ಥ ಕೊಡುತ್ತದೆ. ‘ಹೆಚ್ಚಿನವರ ಭಾಷೆ’ ಎಂದಮೇಲೆ ಉಳಿದವರ ಗತಿಯೇನೆಂಬ ಪ್ರಶ್ನೆಯೂ ಏಳುತ್ತದೆ. ಇಟಲಿಯ ಶಾಸನ ಇಲ್ಲಿ ಒಂದು ಹೆಜ್ಜೆ ಮುಂದಿದೆ: ವಲಸೆ ಬಂದ ಕೆಲಸಗಾರನಿಗೆ ಕ್ಷೇಮದ ಪಾಠ ಹೇಳುವ ಮೊದಲು ಪಾಠದ ಭಾಷೆ ಅವನಿಗೆ ತಿಳಿಯುವುದೇ ಎಂದು ಪರೀಕ್ಷಿಸಬೇಕು. ನಮ್ಮಲ್ಲಿಯೂ ಇದನ್ನು ಮಾಡಲು ದೊಡ್ಡ ಖರ್ಚಿಲ್ಲ. ಪಾಠ ಮುಗಿದ ಮೇಲೆ ಕೇಳಿದವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಸೊಂಟದ ಪಟ್ಟಿಯನ್ನು ತಾನೇ ಕಟ್ಟಿ, ಅದರ ಕೊಂಡಿಯನ್ನು ಎಲ್ಲಿಗೆ ಸಿಕ್ಕಿಸುವೆನೆಂದು ಕೈಯಿಂದ ತೋರಿಸಲಿ.